ಎರಡು ಹೆಸರಿನ ಮಗಳು

ನಮ್ಮ ಓಣಿಯ ಭುವನೇಶ್ವರಿ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಈ ವರ್ಷವಂತೂ ಅವಳನ್ನು ನೋಡಿದವರಿಗೇ ಸುಸ್ತು. ಒಲೆಯ ಮೇಲೆ ಹಾಲಿಟ್ಟು ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಓಡುವಳು. ದಾರಿಯಲ್ಲಿ ನೆನಪಾಗಿ ನನಗೆ ಫೋನ್ ಮಾಡಿ, ಸ್ವಲ್ಪ ಆ ಹಾಲು ಇಳಿಸಿಬಿಡು ಅನ್ನುವಳು. ನಾನು ಬೈಯುತ್ತಲೇ ಇಳಿಸುತ್ತಿದ್ದೆ.

ಅವಳ ತವರು ಬಸವಕಲ್ಯಾಣ ತಾಲೂಕಿನ ರಾಜೇಶ್ವರ. ತಂದೆ ಬಕ್ಕಪ್ಪ ಮೃತ್ಯುಪತ್ರ ಬರೆಯದೆಯೇ ತೀರಿಕೊಂಡಿದ್ದ. ಅವನ ತೊಗರಿ ಹೊಲ, ಮನೆ ಎರಡೂ ವಾರಸುದಾರರ ಹೆಸರಿಗೆ ಆಗಬೇಕಿತ್ತು. ಅಣ್ಣ ಗುರುಲಿಂಗ ಅರ್ಜಿ ಹಾಕಿದ. ವಾರಸುದಾರರು ತಾಯಿ ಮತ್ತು ತಾನು, ಇಬ್ಬರೇ ಎಂದು ಬರೆಸಿ ತಾಯಿ ಗುಂಡಮ್ಮನ ಹೆಬ್ಬೆಟ್ಟನ್ನೂ ಒತ್ತಿಸಿದ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ನಮ್ಮ ಗಂಡಸರಿಗೆ ಯಾವ ಕಾನೂನಿಗಿಂತಲೂ ಚೆನ್ನಾಗಿ ಬಾಯಿಪಾಠ.

ಭುವನೇಶ್ವರಿ ತಕರಾರು ಅರ್ಜಿ ಕೊಟ್ಟಳು. ಮಗನಿಗೆಷ್ಟೋ ಮಗಳಿಗೂ ಅಷ್ಟೇ ಪಾಲು ಎಂದು ಬಸವಕಲ್ಯಾಣದ ವಕೀಲರು ಹೇಳಿದ್ದರು. ಆದರೆ ತಾನು ಬಕ್ಕಪ್ಪನ ಮಗಳೆಂದು ತೋರಿಸುವುದು ಹೇಗೆ? ನಮ್ಮ ಕಡೆ ಮದುವೆಯ ದಿನವೇ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುತ್ತಾರೆ. ಹುಟ್ಟಿದಾಗ ಇವಳು ಸೂಗಮ್ಮ. ಗಂಡ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಭುವನೇಶ್ವರಿ ಎಂದು ಬರೆದ, ಎಲ್ಲರೂ ನಕ್ಕು ಊಟಕ್ಕೆ ಎದ್ದರು. ಶಾಲೆಯ ಮುಖ ಕಂಡವಳಲ್ಲ. ಆಧಾರ್, ರೇಷನ್ ಕಾರ್ಡು ಎಲ್ಲ ಭುವನೇಶ್ವರಿಯವೇ. ಸೂಗಮ್ಮ ಎಂಬವಳಿದ್ದಳು ಅನ್ನಲು ಒಂದು ಚೀಟಿಯೂ ಇಲ್ಲ. ಭುವನೇಶ್ವರಿ ಅನ್ನುವವರು ತಮ್ಮ ಮನೆಯಲ್ಲಿ ಹುಟ್ಟೇ ಇಲ್ಲವೆಂದು ಗುರುಲಿಂಗ ಕಚೇರಿಯಲ್ಲಿ ಹೇಳಿದನಂತೆ. ಆ ಮಾತು ಸುಳ್ಳೂ ಅಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಊರಿನ ಜಮೀನು ಲೆಕ್ಕ ನೋಡುವ ತಲಾಟಿ ಧಮ್ಮಪಾಲ ರಾಜೇಶ್ವರಕ್ಕೇ ಬಂದು ವಿಚಾರಿಸುವುದೆಂದಾಯಿತು. ಭುವನೇಶ್ವರಿಯ ಜೊತೆಗೆ ನಾನೂ ಹೋದೆ. ಬಸ್ಸಿನಲ್ಲಿ ಅವಳು ಸೆರಗಿಗೆ ಗಂಟು ಹಾಕುವಳು, ಬಿಚ್ಚುವಳು, ಎದ್ದು ಇನ್ನೊಂದು ಸೀಟಿಗೆ ಹೋಗುವಳು. ಅವ್ವ ಏನು ಹೇಳುವಳೋ ಎಂಬುದೊಂದೇ ಅವಳ ಚಿಂತೆ.

ಮನೆಯ ಮುಂದೆ ಜನ ಸೇರಿದ್ದರು. ತಲಾಟಿ ಒಬ್ಬೊಬ್ಬರನ್ನೇ ಕೇಳಿದ. ಇವಳನ್ನು ಎತ್ತಿ ಆಡಿಸಿದ ಹಿರಿಯರು ಕೂಡ ನೆಲ ನೋಡಿದರು. ಪಾಪ, ನಾಳೆಯೂ ಅವರು ಗುರುಲಿಂಗನ ಪಕ್ಕದಲ್ಲೇ ಬಾಳಬೇಕಲ್ಲ! ಧಮ್ಮಪಾಲ ಹೊಸ್ತಿಲ ಬಳಿ ಕೂತಿದ್ದ ಗುಂಡಮ್ಮನತ್ತ ತಿರುಗಿದ.

“ಅಮ್ಮಾ, ಈಕಿ ಯಾರ್ರಿ?”

ಮುದುಕಿ ಮಗನ ಮುಖ ನೋಡಿದಳು. ಅವಳ ಊಟ, ಗುಳಿಗೆ ಎಲ್ಲ ಅವನ ಕೈಯಲ್ಲೇ ಇತ್ತು.

“ನನ್ನ ಮಗಳ್ರಿ,” ಎಂದಳು ಗುಂಡಮ್ಮ. “ನಾವಿಟ್ಟ ಹೆಸರು ಸೂಗಮ್ಮ, ಅವರಿಟ್ಟದ್ದು ಭುವನೇಶ್ವರಿ. ಹಡದಾಕಿ ಮಾತ್ರ ನಾನ.”

ಅವಳು ಹೇಳಿದ್ದನ್ನು ತಲಾಟಿ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು ಹೋದ. ಜನವೂ ಚದುರಿತು. ಆಗ ಗುರುಲಿಂಗ ಬಾಯಿಬಿಟ್ಟ. ದನಿ ಏರಿಸಲಿಲ್ಲ, ಏರಿಸಿದ್ದರೆ ಚೆನ್ನಾಗಿತ್ತು.

“ಹಂಗಾರ ಇನ್ಮ್ಯಾಲ ನಿನ್ನ ಊಟಾನೂ ಮಗಳ ಮನ್ಯಾಗೇ ಆಗ್ಲಿ, ಅವ್ವಾ.”

ಗುಂಡಮ್ಮ ಗೋಡೆ ಹಿಡಿದು ಎದ್ದು ನಿಂತಳು. ಭುವನೇಶ್ವರಿ ತಾಯಿಯನ್ನು ಹುಮನಾಬಾದಿಗೆ ಕರೆದುಕೊಂಡು ಹೊರಡುತ್ತಾಳೆ ಅಂದುಕೊಂಡೆ ನಾನು. ಅವಳು ಹೋಗಿ ಅಣ್ಣನ ಎದುರಿಗೆ ನಿಂತಳು.

“ಅವ್ವ ಎಲ್ಲಿಗೂ ಬರಂಗಿಲ್ಲ ಅಣ್ಣಾ. ಈ ಮನ್ಯಾಗ ನಿಂದೆಷ್ಟು ಅದನೋ ಅಕಿದೂ ಅಷ್ಟ ಅದ. ನೀನ ಬರಿಸೀದಿ ಅಲ್ಲ, ವಾರಸುದಾರಳು ಅಂತ.”

ಇಷ್ಟು ದಿನ ತನ್ನ ಪಾಲಿಗಾಗಿ ಓಡಾಡಿದವಳ ಬಾಯಲ್ಲಿ ತಾಯಿಯ ಪಾಲಿನ ಮಾತು ನಾನು ಕೇಳಿದ್ದು ಅದೇ ಮೊದಲು. ಗುಂಡಮ್ಮನೂ ಕೇಳಿದ್ದು ಅದೇ ಮೊದಲಿರಬೇಕು. ಮಗಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಒಳಗೆ ಹೋಗಿ ಪಡಸಾಲೆಯ ನಡುವೆ ಕೂತಳು.

“ಗುರುಲಿಂಗಾ, ಹೊತ್ತಾತು. ನನಗ, ಸೂಗಿಗ ಊಟಕ್ಕ ಹಾಕಸು.”