ನೀರಿಲ್ಲದ ಹಳ್ಳ ದಾಟುವ ಬಗೆ

ನಮ್ಮ ಎರಡು ಸೀಮೆಹಸುಗಳ ಕೊಟ್ಟಿಗೆಯ ತಗಡಿನ ಮಾಡು ಮನೆಯ ಮಾಡಿಗಿಂತ ಗಟ್ಟಿಯಾಗಿತ್ತು. ಮನೆ ಸೋರಿದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಅಷ್ಟು ಒಳ್ಳೆಯ ಕೊಟ್ಟಿಗೆಯನ್ನು ಹಳ್ಳದ ನಡುವೆ ಯಾಕೆ ಕಟ್ಟಿದಿರಿ ಎಂದು ನೀವು ಕೇಳಬಹುದು. ಹರಿಯುವುದು ನಿಂತು ಎಷ್ಟೋ ಕಾಲವಾಗಿತ್ತು, ಜಾಗ ಸಮತಟ್ಟಾಗಿತ್ತು, ಕಟ್ಟಿದೆವು. ನೀರೇ ಬಿಟ್ಟುಹೋದ ಮೇಲೆ ಅದನ್ನು ಹಳ್ಳ ಅನ್ನಬೇಕೋ ಬಯಲು ಅನ್ನಬೇಕೋ, ಗಂಡ ಸತ್ತ ಮೇಲೂ ನನ್ನನ್ನು ಅವರ ಹೆಸರು ಹಿಡಿದೇ ಕರೆಯುವ ಊರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ.

ಹಳ್ಳದೊಳಗೆ ಕಟ್ಟಿದ್ದನ್ನೆಲ್ಲ ಸರ್ಕಾರದವರು ತೆಗೆಸುತ್ತಾರೆಂದು ಸುದ್ದಿ ಬಂದ ವಾರದಲ್ಲೇ ಸರ್ವೆಯವನು ನಕ್ಷೆ ಹಿಡಿದು ಬಂದ. ಎರಡು ಹೊತ್ತೂ ಡೇರಿಗೆ ಹಾಲು ಹೋಗುವುದು ಆ ಕೊಟ್ಟಿಗೆಯಿಂದ. ಸುಳ್ಳು ಹೇಳಲು ನಾನು ಹಿಂದೆಮುಂದೆ ನೋಡಲಿಲ್ಲ.

"ಇಲ್ಲಿ ಯಾವ ಹಳ್ಳಾನೂ ಇರ್ಲಿಲ್ಲ ಕಣಪ್ಪಾ. ನಾನು ಮದುವೆಯಾಗಿ ಬಂದಾಗಿಂದ ಬಯಲೇ."

ಗಡಿಕಲ್ಲುಗಳು ಯಾರ್ಯಾರ ಮನೆಯ ಮೆಟ್ಟಿಲಾಗಿದ್ದವೋ, ಅವನಿಗೆ ಒಂದೂ ಸಿಗಲಿಲ್ಲ. ಆಚೆಯ ನಮ್ಮ ಹೊಲದಲ್ಲಿ ನಿಂತು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಮಡಿಚಿಟ್ಟು, ಕುಡಿಯಲು ನೀರು ಕೇಳಿದ. ಗೆದ್ದೆ ಎಂದುಕೊಂಡು ಸೊಸೆಯನ್ನು ಕೂಗುತ್ತಾ ಮನೆಯತ್ತ ಹೊರಟೆ. ಕೊಟ್ಟಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಕೈ ತಾನಾಗಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿತು, ಚಪ್ಪಲಿ ಕೈಗೆ ಬಂತು, ಪಾದಗಳು ಎಲ್ಲಿ ಜಾರುತ್ತವೋ ಎಂಬಂತೆ ಅಳೆದಳೆದು ಧೂಳಿಗೆ ಇಳಿದವು.

ಎದುರಿನಿಂದ ನೀರಿನ ಚೊಂಬು ಹಿಡಿದು ಬಂದ ಸೊಸೆ ಮಂಜುಳ ಪಿಸುಗುಟ್ಟಿದಳು: "ಅತ್ತೆ, ಸೀರೆ ಬಿಡಿ. ಸಾರ್ ನೋಡ್ತಾವ್ರೆ."

ಹೇಳಿದವಳ ಸೀರೆಯೂ ಮೊಣಕಾಲಿನ ಮೇಲಿತ್ತು.

ಸರ್ವೆಯವನು ಚೊಂಬು ತೆಗೆದುಕೊಂಡ. "ನೀವು ಇಲ್ಲಿ ನೀರು ನೋಡಿದ್ದೀರೇನಮ್ಮಾ?"

"ಇಲ್ಲ ಸಾರ್. ಕುಂದಾಣದಿಂದ ಬಂದು ಹತ್ತು ವರ್ಷ ಆಯ್ತು, ಒಂದು ತೊಟ್ಟೂ ನೋಡಿಲ್ಲ."

"ಮತ್ತೆ ಸೀರೆ?"

"ಅತ್ತೆ ಎತ್ಕೋತಾರೆ, ನಾನೂ ಎತ್ಕೋತೀನಿ."

ಅವನು ನಕ್ಕಿದ್ದರೆ ಬೈಯಬಹುದಿತ್ತು, ನಗಲಿಲ್ಲ. ನಾನು ಸೀರೆ ಎತ್ತಿದ ಜಾಗದಿಂದ ಸೊಸೆ ಎತ್ತಿದ ಜಾಗದವರೆಗೆ ಟೇಪು ಹಿಡಿದ. ನಕ್ಷೆಯಲ್ಲಿದ್ದ ಹಳ್ಳದ ಅಗಲಕ್ಕೆ ಸರಿಯಾಗಿ ಕೂತಿತು.

"ಎಂಟು ದಿನದಲ್ಲಿ ಕೊಟ್ಟಿಗೆ ತೆಗೀಬೇಕು ಅಜ್ಜಿ."

ಅಳುವಂಥದ್ದೇನೂ ಇರಲಿಲ್ಲ, ತಗಡು ತಾನೆ. ಆದರೆ ಇಷ್ಟು ವರ್ಷ ನನ್ನ ಅನ್ನ ತಿಂದ ಕಾಲುಗಳು ಸಮಯಕ್ಕೆ ಸರಿಯಾಗಿ ಸರ್ಕಾರದ ಕಡೆ ಸೇರಿಕೊಂಡವಲ್ಲ, ಅದಕ್ಕೆ ಯಾರನ್ನು ಕೇಳಲಿ?

ಏಳನೆಯ ದಿನ ಮಾಡು ಬಿಚ್ಚಿ ತಗಡುಗಳನ್ನು ಮನೆಯ ಅಂಗಳದಲ್ಲಿ ಪೇರಿಸಿದೆವು. ಅಂಗಳದಲ್ಲಿ ಕೊಟ್ಟಿಗೆಗೆ ಜಾಗ ಸಾಲಲಿಲ್ಲ, ಇನ್ನು ಅವನ್ನು ಹಳ್ಳದಾಚೆ ಹೊಲದ ದಿಬ್ಬಕ್ಕೆ ಸಾಗಿಸಬೇಕು. ಮೊದಲ ತಗಡನ್ನು ಮುಂದೆ ನಾನು, ಹಿಂದೆ ಮಂಜುಳ, ತಲೆಯ ಮೇಲೆ ಹೊತ್ತು ಹೊರಟೆವು. ಹಳ್ಳದ ಅಂಚಿಗೆ ಬಂದು ಇಬ್ಬರೂ ನಿಂತೆವು. ನಾಲ್ಕು ಕೈಯೂ ತಗಡಿನ ಮೇಲಿದ್ದವು.

"ಈಗ ಹೆಂಗೆ ಅತ್ತೆ ದಾಟೋದು?" ಎಂದಳು.

ತಗಡು ಕೆಳಗಿಟ್ಟೆವು. ಸೀರೆ ಎತ್ತಿ ಸಿಕ್ಕಿಸಿಕೊಂಡೆವು. ಮತ್ತೆ ತಗಡು ಹೊತ್ತೆವು.