ಕೂಲಿಯಾಗಿ ಕೊಟ್ಟ ಧೂಳು

ದಮ್ಮು ಇರುವವರಿಗೆ ಧೂಳು ವಿಷ. ಇದನ್ನು ಹೇಳಲು ಡಾಕ್ಟರು ಬೇಕಿಲ್ಲ.

ಹುಮನಾಬಾದಿನಲ್ಲಿ ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಒಂದು ಅಡತ್ ಅಂಗಡಿಯಲ್ಲಿ ಶಕುಂತಲಾಬಾಯಿ ಹದಿನಾರು ವರ್ಷದಿಂದ ತೊಗರಿಗೆ ಜರಡಿ ಹಿಡಿಯುತ್ತಾಳೆ. ಅವಳ ಕೂಲಿ ರೊಕ್ಕವಲ್ಲ, ಸಂಜೆ ಅಂಗಳ ಗುಡಿಸಿದಾಗ ಸಿಗುವ ಕಾಳು. ಮಣ್ಣು, ಹೊಟ್ಟು, ಹುಳ ತಿಂದ ಪುಡಿ ಬೆರೆತ ಅದನ್ನು ಮನೆಗೆ ಒಯ್ದು, ಇರುವ ಒಂದೇ ಖೋಲಿಯಲ್ಲಿ ಕೂತು ಮತ್ತೆ ಕೇರಬೇಕು.

ಸೆರಗನ್ನು ಮೂಗಿಗೆ ಕಟ್ಟಿಕೊಂಡರೆ ಅಂಗಡಿಯ ಮಾಲೀಕ ದಿಗಂಬರ ಸಾಹುಕಾರರಿಗೆ ಸಿಟ್ಟು. "ಖರೀದಿದಾರ ನೋಡಿದ್ರ ಮಾಲ್ ಖರಾಬ್ ಅಂತಾನ. ತಗಿ ಅದನ್ನ. ಮುಸುಕ್ ಹಾಕ್ಕೊಳ್ಳಾಕ ನೀ ಏನ್ ಮದಿಮಗಳೇನ್?"

ಹೋದ ತಿಂಗಳು ರಾಶಿಯ ಪಕ್ಕದಲ್ಲೇ ಉಸಿರು ಕಟ್ಟಿ ಕುಸಿದಳು. ಮಗಳು ಶೀತಲ ತನ್ನೂರು ಬಸವಕಲ್ಯಾಣಕ್ಕೆ ಕರೆದೊಯ್ದು ಡಾಕ್ಟರ್ ಅಜೀಮುದ್ದೀನರಿಗೆ ತೋರಿಸಿದಳು.

"ಮೈಯಾಗ ಒಂದು ಫೌಜ್ ಇರ್ತದ, ಬಾಯಿ," ಎಂದರು ಡಾಕ್ಟರು. "ರೋಗದ ಕೂಡ ಬಡಿದಾಡ್ತದ. ಅದರಾಗೇ ಕೆಲವು ಕಣ 'ಇದು ಬರೇ ಧೂಳ, ಸಾಕ್ ಮಾಡ್ರಿ' ಅಂತ ಜಗಳ ಬಿಡಿಸ್ತಾವ. ನಿಮ್ಮ ಮೈಯಾಗ ಅವು ಸೋತಾವ. ಫೌಜ್ ಧೂಳಿನ ಮ್ಯಾಲೇ ಬೀಳಾಕತ್ತದ. ಅದಕ್ಕ ಉಸಿರಿನ ನಳಿಗಿ ಬಾತಾವ."

"ನಮ್ಮ ಅಂಗಡ್ಯಾಗೂ ಹಂಗೇ ಅದರಿ. ಸಾಕ್ ಮಾಡ್ರಿ ಅನ್ನೋರು ಒಬ್ಬರೂ ಇಲ್ಲ."

ಡಾಕ್ಟರು ನಕ್ಕರು. ದಿನಾ ಎಳೆದು ಬಾವು ಇಳಿಸಿಕೊಳ್ಳಲು ಒಂದು ಪಂಪು, ದಮ್ಮು ಹತ್ತಿದಾಗ ಎಳೆಯಲು ಇನ್ನೊಂದು ಕೊಟ್ಟರು. "ಆದ್ರ ಧೂಳ ಬಿಡದಿದ್ರ ಇವೂ ಎಷ್ಟಂತ ತಡೀತಾವ? ಗುಡಿಸಿದ ಕಾಳ ಮನಿಗಿ ಒಯ್ಬ್ಯಾಡ್ರಿ."

"ಒಯ್ಯದಿದ್ರ ಉಣ್ಣೋದೇನ್ರಿ?"

ಡಾಕ್ಟರು ತಲೆ ಬಗ್ಗಿಸಿ ಚೀಟಿ ಬರೆಯತೊಡಗಿದರು.

ಎಂಟನೇ ದಿನ ಮತ್ತೆ ಜರಡಿ ಹಿಡಿದಳು. "ಬಂದಿ, ಛಲೋ ಆತು. ಖರೇ, ಆ ಪಂಪ್ ಮಂದಿ ಮುಂದ ತಗೀಬ್ಯಾಡ," ಎಂದರು ಸಾಹುಕಾರರು. ಹೀಗಾಗಿ ದಮ್ಮು ಹತ್ತಿದಾಗ ಚೀಲ ಪೇರಿಸಿಟ್ಟ ಥಪ್ಪಿಯ ಹಿಂದೆ ಹೋಗಿ ಎಳೆಯುತ್ತಾಳೆ. ಇಡೀ ಅಂಗಡಿಯಲ್ಲಿ ಧೂಳು ದಟ್ಟವಾಗಿರುವುದು ಅಲ್ಲಿಯೇ. ಮೊದಲ ವಾರ ದಿನಕ್ಕೊಮ್ಮೆ ಹೋಗುತ್ತಿದ್ದಳು. ಮೊನ್ನೆ ಐದು ಸಲ ಹೋದಳು. ನಿನ್ನೆ ಪಂಪು ಖಾಲಿಯಾಗಿತ್ತು, ಬರೀ ಗಾಳಿ ಎಳೆದು ಬಂದಳು.

ಅವಳು ಗುಣವಾಗುತ್ತಾಳೆಂದು ನಾನು ಸುಳ್ಳು ಬರೆಯಲಾರೆ. ಮೈಯೊಳಗೆ ಜಗಳ ಬಿಡಿಸುವ ಕಣಗಳನ್ನು ಬಲಗೊಳಿಸುವುದು ನಿಮ್ಮ ಕೈಲಿಲ್ಲ, ನನ್ನ ಕೈಲೂ ಇಲ್ಲ. ಆದರೆ ಅಡತಿಯವರೇ, ಈ ಪತ್ರಿಕೆ ದಿನಾ ನಿಮ್ಮ ಗಾದಿಯ ಮೇಲೇ ಬಂದು ಬೀಳುತ್ತದೆ. ಓದಿ ಮಡಚಿಡಬೇಡಿ. ಇವತ್ತಿನ ಕೂಲಿಯನ್ನು ರೊಕ್ಕದಲ್ಲಿ ಕೊಡಿ. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸುಮ್ಮನಿರಿ.