ಅಮ್ಮನನ್ನು ದೂರದಿಂದ ಹಿಡಿಯುವ ಲೆನ್ಸು

ನಮ್ಮಮ್ಮ ಫೋಟೋಗೆ ಸಿಕ್ಕವಳಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಮೊಣಕೈ ಎರಡು ಕಡೆ ಇದೆ, ಸೆರಗಿನ ತುದಿ ಒಂದು ಕಡೆ ಇದೆ, ಧಾರೆಯ ಫೋಟೋದಲ್ಲಿ ಅವಳ ಮುಖ ಇರಬೇಕಾದ ಜಾಗದಲ್ಲಿ ಒಂದು ಸ್ಟೀಲ್ ತಟ್ಟೆ ಇದೆ. ಫೋಟೋಗ್ರಾಫರ್ ಹತ್ತಿರ ಬಂದ ಅಂದರೆ ಸಾಕು, ಅವಳಿಗೆ ಅಡುಗೆಯವರ ಬಳಿ ಏನೋ ಕೆಲಸ ನೆನಪಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಓಟಿನ ಗುರುತಿನ ಚೀಟಿಗೆ ಬೇರೆ ದಾರಿಯಿಲ್ಲದೆ ಕೂತಳು. ಕೂತು, ಸರಿಯಾದ ಹೊತ್ತಿಗೆ ಕಣ್ಣು ಮುಚ್ಚಿ ಮುಖ ತಿರುಗಿಸಿದಳು. ಆ ಚೀಟಿಯಲ್ಲಿ ಇರುವುದು ಅಮ್ಮನೋ ಹಿಂದಿನ ಗೋಡೆಯೋ ಹೇಳುವುದು ಕಷ್ಟ. ಆದರೂ ಅದನ್ನೇ ಹಿಡಿದು ಎಲ್ಲ ಚುನಾವಣೆಯಲ್ಲೂ ಓಟು ಹಾಕಿಬಂದಿದ್ದಾಳೆ, ಒಬ್ಬರೂ ಕೇಳಿಲ್ಲ.

ಕಾರಣ ನಮಗೆಲ್ಲ ಗೊತ್ತಿದೆ ಅಂದುಕೊಂಡಿದ್ದೆವು. ಪದ್ಮನಾಭನಗರದ ನಮ್ಮ ಮನೆಯಲ್ಲಿ ಗೋಡೆ ಏರಿದವರೆಲ್ಲ ಹಾರ ಹಾಕಿಸಿಕೊಂಡವರೇ: ಅಜ್ಜ, ಅಜ್ಜಿ, ಕೊನೆಗೆ ಅಪ್ಪ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆ ಅಂತ ಹಳೇ ಕಾಲದವರು ಅನ್ನುತ್ತಿದ್ದರಲ್ಲ, ಅದೇ ಭಯ ಇರಬೇಕು ಎಂದು ನಾನೇ ತೀರ್ಮಾನ ಮಾಡಿ, ನೆಂಟರಿಗೆಲ್ಲ ಹೇಳಿ ನಂಬಿಸಿಯೂಬಿಟ್ಟಿದ್ದೆ. ಅಮ್ಮನನ್ನು ಮಾತ್ರ ಕೇಳಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು, ಮೂರನೇ ಕ್ಲಾಸಿನಲ್ಲಿದ್ದ ಮಗಳಿಗೆ ವಂಶವೃಕ್ಷದ ಚಾರ್ಟು ಮಾಡಿಕೊಂಡು ಬರಲು ಸ್ಕೂಲಿನಲ್ಲಿ ಹೇಳಿದರು. ಎಲ್ಲರ ಫೋಟೋ ಅಂಟಿಸಬೇಕು. ಅಮ್ಮನದು ಎಲ್ಲಿಂದ ತರುವುದು? ಮಗಳು ಯಾರನ್ನೂ ಕೇಳದೆ ಉಪ್ಪಿನಕಾಯಿ ಪ್ಯಾಕೆಟ್ಟಿನ ಮೇಲಿದ್ದ ಅಜ್ಜಿಯನ್ನು ಕತ್ತರಿಸಿ ಅಂಟಿಸಿದಳು. ಕೆಂಪು ಅಂಚಿನ ಸೀರೆ, ತುಂಬಿದ ಕೆನ್ನೆ, ಕೈಯಲ್ಲೊಂದು ಭರಣಿ. ಟೀಚರು ಅದಕ್ಕೆ ಸ್ಟಾರ್ ಹಾಕಿ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು. ಬದುಕಿರುವ ಅಮ್ಮ ಒಳಗೆ ಮಜ್ಜಿಗೆ ಕಡೆಯುತ್ತಿದ್ದಾಳೆ, ವಂಶವೃಕ್ಷದಲ್ಲಿ ಮಾವಿನಕಾಯಿ ಮಾರುವವಳು ಕೂತಿದ್ದಾಳೆ. ಅಮ್ಮ ಚಾರ್ಟನ್ನು ಕನ್ನಡಕ ಹಾಕಿಕೊಂಡು ನೋಡಿ, "ಇರ್ಲಿ ಬಿಡು, ನನಗಿಂತ ಲಕ್ಷಣವಾಗಿದ್ದಾಳೆ" ಅಂದು ಒಳಗೆ ಹೋದಳು.

ಆವತ್ತೇ ಹಟ ಹಿಡಿಯಿತು. ಅಮ್ಮನ ಮುಖ, ಪೂರ್ತಿ ಮುಖ, ಕಣ್ಣು ಬಿಟ್ಟಿರುವುದು, ಒಂದೇ ಒಂದು ಬೇಕು. ಕೇಳಿದರೆ ಕೊಡುವುದಿಲ್ಲ, ಹಾಗಾದರೆ ಅವಳಿಗೆ ಗೊತ್ತಾಗದಂತೆ ದೂರದಿಂದ ಹಿಡಿಯಬೇಕು. ನನ್ನ ಹತ್ತಿರ ಒಂದು ಡಿಜಿಟಲ್ ಕ್ಯಾಮೆರಾ ಇತ್ತು, ಅದರ ಜೊತೆ ಬಂದ ಸಣ್ಣ ಲೆನ್ಸಿತ್ತು. ಅದರಲ್ಲಿ ಅಮ್ಮನನ್ನು ಹಿಡಿಯಬೇಕಾದರೆ ಅವಳ ಪಕ್ಕದಲ್ಲೇ ಕೂರಬೇಕು.

ನಮ್ಮ ಆಫೀಸಿನಲ್ಲಿ ಒಬ್ಬ ಪಕ್ಷಿ ಹುಚ್ಚಿನವನಿದ್ದ. ಭಾನುವಾರ ಹೊಸಕೆರೆಹಳ್ಳಿ ಕೆರೆಯ ದಂಡೆಯಲ್ಲಿ ಕೂತು ಕೊಕ್ಕರೆ ತೆಗೆದು, ಸೋಮವಾರ ನಮ್ಮ ಊಟದ ಡಬ್ಬಿಯ ಮುಂದೆ ತೋರಿಸುತ್ತಿದ್ದ. ಎಪ್ಪತ್ತು-ಮುನ್ನೂರರ ಜೂಮ್ ಲೆನ್ಸ್ ತಗೋ ಗುರು ಅಂದ. ತಿರುಗಿಸಿದಂತೆ ಕೊಳವೆ ಮುಂದಕ್ಕೆ ಬೆಳೆಯುತ್ತದಂತೆ. ಎಪ್ಪತ್ತರಲ್ಲಿ ಹಕ್ಕಿ ಕಾಣುತ್ತದೆ, ಮುನ್ನೂರರಲ್ಲಿ ಹಕ್ಕಿಯ ಕಣ್ಣು ಕಾಣುತ್ತದೆ. ಎಷ್ಟು ದೂರದಿಂದ ತೆಗೆಯುತ್ತೀಯೋ ಮೊದಲು ಅಳೆದುಕೋ ಎಂದು ಬುದ್ಧಿ ಹೇಳಿದ. ಅಳೆದೆ. ಟೆರೇಸಿನ ನೀರಿನ ಟ್ಯಾಂಕಿನಿಂದ ಮೂಲೆಯ ತರಕಾರಿ ಗಾಡಿಯವರೆಗೆ, ಬಚ್ಚಲಿನ ವೆಂಟಿಲೇಟರಿನಿಂದ ಹಿತ್ತಲಿನ ಒಗೆಯುವ ಕಲ್ಲಿನವರೆಗೆ ಹೆಜ್ಜೆ ಎಣಿಸಿ, ಕ್ಯಾಲೆಂಡರಿನ ಹಿಂದೆ ಬರೆದುಕೊಂಡು, ಜಯನಗರ ಫೋರ್ತ್ ಬ್ಲಾಕಿನ ಹತ್ತಿರ ಒಂದು ಕ್ಯಾಮೆರಾ ಅಂಗಡಿಗೆ ಹೋದೆ.

ಅಂಗಡಿಯವನು ಶ್ರದ್ಧಾವಂತ. ಏನು ತೆಗೀತೀರಾ ಸಾರ್, ಸ್ಪೋರ್ಟ್ಸಾ, ವೈಲ್ಡ್‌ಲೈಫಾ ಎಂದು ಕೇಳಿದ. ನಲವತ್ತು ದಾಟಿದ ಗಂಡಸು ಅಂಗಡಿಯಲ್ಲಿ ನಿಂತು ನಮ್ಮಮ್ಮನನ್ನು ಕದ್ದು ತೆಗೆಯಬೇಕು ಅನ್ನುವುದು ಹೇಗೆ? ವೈಲ್ಡ್‌ಲೈಫ್ ಅಂದೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

"ಎಷ್ಟು ಹತ್ತಿರ ಬಿಟ್ಕೊಳತ್ತೆ ಸಾರ್?"

"ಕ್ಯಾಮೆರಾ ಇಲ್ದಿದ್ರೆ ತುಂಬ ಹತ್ತಿರ. ಇದ್ರೆ ಮೂವತ್ತಡಿಗೇ ಗೊತ್ತಾಗ್ಬಿಡತ್ತೆ. ಕಿವಿ ಬಹಳ ಚುರುಕು."

"ಯಾವಾಗ ಹೊರಗೆ ಬರತ್ತೆ?"

"ಬೆಳಿಗ್ಗೆ ಐದಕ್ಕೆ. ಮಧ್ಯಾಹ್ನ ಮಲಗತ್ತೆ. ಮತ್ತೆ ನಾಲ್ಕರ ಮೇಲೆ."

ಅವನು ತಲೆ ಆಡಿಸಿ, ಒಂಟಿಯೋ ಗುಂಪೋ ಎಂದು ಕೇಳಿದ. ಸಾಯಂಕಾಲ ಗುಂಪಿನಲ್ಲಿ ಕೂರುತ್ತದೆ, ಗುಂಪಿನಲ್ಲಿದ್ದಾಗ ಸದ್ದು ಜಾಸ್ತಿ ಅಂದೆ. ಅವನು ದನಿ ತಗ್ಗಿಸಿದ.

"ಮೇಲೆ ಬೀಳೋದೇನಾದ್ರೂ ಇದ್ಯಾ ಸಾರ್?"

"ಇದೆ," ಅಂದೆ. ಅದು ಸುಳ್ಳಲ್ಲ.

ಅವನ ಮುಖದಲ್ಲಿ ನನ್ನ ಬಗ್ಗೆ ಗೌರವ ಮೂಡಿತು. ಕೈ ನಡುಗಿದರೂ ಚಿತ್ರ ಅಲುಗದ ಒಂದು ಎಪ್ಪತ್ತು-ಮುನ್ನೂರನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕ್ಯಾಮೆರಾಗೆ ಹಾಕಿಕೊಟ್ಟ. ಬಾಗಿಲಲ್ಲಿ ನಿಂತು ರಸ್ತೆಯ ಆಚೆ ನೋಡಿದರೆ ಎಳನೀರಿನವನ ಕಿವಿಯ ಕೂದಲು ಎಣಿಸಬಹುದು. ಸಖತ್ ಅನ್ನಿಸಿಬಿಟ್ಟಿತು. ಆ ಖುಷಿಯಲ್ಲಿ ಇದ್ದಾಗಲೇ ಅವನು ಎಕ್ಸ್‌ಚೇಂಜ್ ಮಾತು ತೆಗೆದ. ಹಳೇ ಸಣ್ಣ ಲೆನ್ಸು ಕೊಟ್ಟುಬಿಡಿ, ಅಂಥ ಪ್ರಾಣಿ ಮುಂದೆ ಇದು ಯಾವ ಕೆಲಸಕ್ಕೆ ಬರುತ್ತೆ ಅಂದ. ಎಕ್ಸ್‌ಚೇಂಜ್ ಅಂದರೆ ನಮ್ಮ ಮನೆಯವರಿಗೆ ಮೈಮೇಲೆ ದೇವರು ಬಂದ ಹಾಗೆ; ಕುಕ್ಕರು, ಮಿಕ್ಸಿ, ಟಿವಿ ಏನು ಕೊಂಡರೂ ಹಳೆಯದನ್ನು ಕೊಟ್ಟೇ ಬರಬೇಕು. ಕೊಟ್ಟುಬಂದೆ.

ಅಮ್ಮನಿಗೆ ಹಕ್ಕಿ ತೆಗೆಯಲು ತಂದೆ ಅಂತ ಹೇಳಿದೆ. ಅವಳು ಲೆನ್ಸನ್ನು ಕೈಯಲ್ಲಿ ತೂಗಿ ನೋಡಿ ದೇವರ ಮುಂದೆ ಇಟ್ಟಳು. ಹೊಸದು ಏನು ಬಂದರೂ ನಮ್ಮಲ್ಲಿ ಪೂಜೆಯಾಗಬೇಕು, ಅದು ಸರಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮುಂದಿನ ಗಾಜಿನ ನಟ್ಟನಡುವೆ, ಉದುರಿಹೋಗದಿರಲಿ ಅಂತ ಒಂದು ತೊಟ್ಟು ಎಣ್ಣೆ ಹಚ್ಚಿ, ಕುಂಕುಮ ಇಟ್ಟಿದ್ದಳು. ನಾನು ಕೂಗಾಡಿದೆ. "ಸ್ಕೂಟರಿಗೆ ಇಟ್ಟಾಗ ಸುಮ್ನಿದ್ಯಲ್ಲ" ಅಂದಳು. ಆಫೀಸಿನ ಪಕ್ಷಿಯವನು ತನ್ನ ಮಗುವಿಗೇ ಪೆಟ್ಟಾದಂತೆ ಅದನ್ನು ಎರಡು ದಿನ ಒರೆಸಿಕೊಟ್ಟ. ಆದರೂ ಅಂಚಿನ ಸಂದಿಯಲ್ಲಿ ಒಂದಿಷ್ಟು ಕೆಂಪು ಉಳಿದೇ ಉಳಿಯಿತು.

ಮುಂದೆ ಒಂದು ತಿಂಗಳು ನಾನು ಪಟ್ಟ ಪಾಡು ನಾಯಿಗೂ ಬೇಡ. ಹಕ್ಕಿ ಅಂತ ಹೇಳಿದ್ದೇ ತಪ್ಪಾಯಿತು. ಕಾಗೆ ಕೂತರೆ ಸಾಕು, ಅಮ್ಮ ಕರೆಯುವಳು. ಗೊರವಂಕ ಬಂದಿದೆ ಬಾರೋ, ಪಾರಿವಾಳ ಬಂದಿದೆ ಬಾರೋ. ತೆಗೆಯದಿದ್ದರೆ ಅನುಮಾನ. ಕಾಗೆಗಳ ಫೋಟೋ ನೂರಾರು ಬಿದ್ದವು, ಕೆಲವದರಲ್ಲಿ ಕಾಗೆಯನ್ನು ತೋರಿಸುತ್ತಿರುವ ಅಮ್ಮನ ಬೆರಳೂ ಬಿತ್ತು. ಉಳಿದ ಹೊತ್ತು ನಾನು ಟೆರೇಸಿನ ಟ್ಯಾಂಕಿನ ಹಿಂದೆ ಮೊಣಕಾಲೂರಿ, ಮೂಲೆಯ ತರಕಾರಿ ಗಾಡಿಗೆ ಗುರಿಯಿಟ್ಟು ಕಾಯುತ್ತಿದ್ದೆ. ಅವಳು ಬರುವಳು, ಹಾಗಲಕಾಯಿ ಒತ್ತಿ ನೋಡುವಳು, ಗಾಡಿಯವನನ್ನು ಬೈಯುವಳು. ನಾನು ಒತ್ತುವ ಹೊತ್ತಿಗೆ ಸರಿಯಾಗಿ ತಿರುಗುವಳು. ಬೆನ್ನು ಸಿಕ್ಕಿತು, ತುರುಬು ಸಿಕ್ಕಿತು, ಕಿವಿ ಎರಡೂ ಬೇರೆ ಬೇರೆ ದಿನ ಸಿಕ್ಕವು.

ಗಾಡಿಯ ಹಿಂದೆಯೇ, ನಾವು ಯಜಮಾನರು ಎಂದು ಕರೆಯುವ ಎದುರು ಸಾಲಿನವರ ಕಟ್ಟಡ. ಅವರು ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆ ಮನೆ ಬೆಳೆಯುತ್ತಿದ್ದರು. ಪ್ಲಾನಿನಲ್ಲಿಲ್ಲದ ಮೂರನೇ ಫ್ಲೋರು ಆಗಷ್ಟೇ ಏಳುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರು ಹೆಗಲ ಮೇಲೆ ದೊಡ್ಡ ಹಲಸಿನ ಹಣ್ಣು ಹೊತ್ತು ನಮ್ಮ ಮನೆಗೆ ಬಂದು, ಅದನ್ನು ಅಮ್ಮನ ಮುಂದೆ ಇಳಿಸಿದರು.

"ಅಮ್ಮಾ, ನಿಮ್ಮ ಮಗ ದಿನಾ ಟ್ಯಾಂಕ್ ಹಿಂದೆ ಬಗ್ಗಿ ಕುಂತ್ಕೊಂಡು ನಮ್ಮ ಬಿಲ್ಡಿಂಗ್ ಫೋಟೋ ತೆಗೀತಾವ್ರೆ. ಎಲ್ಲಿಗೆ ಕಂಪ್ಲೇಂಟ್ ಹಾಕ್ತಾವ್ರೋ ಏನೋ. ನಾವು ಅಕ್ಕಪಕ್ಕದೋರು, ಬಾಯ್ಬಿಟ್ಟು ಹೇಳಿದ್ರೆ ಆಯ್ತಿತ್ತಲ್ವಾ?"

ಅವನು ತೆಗೆಯುವುದು ಹಕ್ಕಿ ಎಂದು ಅಮ್ಮ ವಾದಿಸಿದಳು. ಹಕ್ಕಿ ಮೇಲಿರುತ್ತೆ, ಕೊಳವೆ ಕೆಳಗೆ ನೋಡ್ತಿರುತ್ತೆ ಎಂದು ಯಜಮಾನರು ನ್ಯಾಯವಾಗಿಯೇ ಹೇಳಿದರು. ಅಮ್ಮ ನನ್ನನ್ನು ಕರೆದು, ತೋರಿಸೋ ಅವರಿಗೆ ಅಂದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಒಂದೊಂದಾಗಿ ಬಂತು: ಅಮ್ಮನ ಬೆನ್ನು, ಅಮ್ಮನ ತುರುಬು, ಅಮ್ಮನ ಎಡಗಿವಿ, ಹಾಗಲಕಾಯಿ ಹಿಡಿದ ಅಮ್ಮನ ಕೈ, ಮತ್ತೆ ಬೆನ್ನು. ಇಬ್ಬರೂ ತಲೆಗೆ ತಲೆ ತಾಗಿಸಿ ಪೂರ್ತಿ ನೋಡಿದರು.

"ಅಯ್ಯೋ, ಬರೀ ಅಮ್ಮಾರಾ," ಅಂದರು ಯಜಮಾನರು. ಅವರ ಎದೆಯ ಭಾರ ಇಳಿಯಿತು. ಹಲಸಿನ ಹಣ್ಣು ವಾಪಸ್ ಒಯ್ಯಲು ಸಂಕೋಚವಾಗಿ ವರಾಂಡದಲ್ಲೇ ಕೂತರು.

ನಾನು ಆಯುಸ್ಸು, ಹಾರ, ಮೂಢನಂಬಿಕೆ ಎಂದೆಲ್ಲ ಏನೋ ತೊದಲಿದೆ.

"ಯಾವ ಆಯುಸ್ಸೋ," ಅಂದಳು. "ಹದಿನೇಳು ವರ್ಷಕ್ಕೆ ನಮ್ಮಪ್ಪ ಸ್ಟುಡಿಯೋಗೆ ಕರ್ಕೊಂಡು ಹೋಗಿ ಒಂದು ಫೋಟೋ ತೆಗೆಸಿದ್ರು. ಜಾತಕದ ಜೊತೆ ಕಳಿಸೋದಕ್ಕೆ. ಆರು ಮನೆಗೆ ಹೋಯ್ತು. ಆರು ಮನೆಯಿಂದ್ಲೂ ವಾಪಸ್ ಬಂತು. ಜಾತಕ ಕೂಡಲಿಲ್ಲ ಅಂತ ಬರೀತಿದ್ರು. ಒಂದು ಮನೆಯಿಂದ ಬಂದಾಗ ಮುಖದ ಮೇಲೆ ಕಾಫಿ ಲೋಟ ಇಟ್ಟ ಕಲೆ ಇತ್ತು, ಗುಂಡಗೆ."

ನಾನು ಕ್ಯಾಮೆರಾ ಆರಿಸಿ ಕೆಳಗಿಟ್ಟೆ.

"ನಿಮ್ಮಪ್ಪನ ಮನೇವ್ರು ಮಾತ್ರ ಫೋಟೋನೇ ಕೇಳಲಿಲ್ಲ. ನಿಶ್ಚಯ ಆದ ದಿನ ಅದನ್ನ ಬಚ್ಚಲ ಒಲೆಗೆ ಹಾಕ್ದೆ. ಇನ್ಮೇಲೆ ಯಾರ ಕೈಗೂ ನನ್ನ ಮುಖ ಕೊಡಲ್ಲ ಅಂದ್ಕೊಂಡೆ. ನೀನು ನೋಡಿದ್ರೆ ಟ್ಯಾಂಕ್ ಹಿಂದೆ ಕೂತ್ಕೊಂಡಿದ್ದೀಯ. ಎದುರಿಗೆ ಬಂದು ಕೇಳೋಕ್ಕೇನಾಗಿತ್ತು ನಿನಗೆ?"

ನನಗೆ ಅಳು ಬಂತು, ನಾಚಿಕೆಯೂ ಆಯಿತು. ಅಷ್ಟು ವರ್ಷ ಅವಳ ಹೆದರಿಕೆಯ ಬಗ್ಗೆ ಊರಿಗೆಲ್ಲ ಭಾಷಣ ಮಾಡಿದ್ದೆ. ಕೇಳುತ್ತೀನಮ್ಮ, ಈಗ ಕೇಳುತ್ತೀನಿ, ಒಂದು ತೆಗೆಯಲಾ ಅಂದೆ. ಅವಳು ಎದ್ದು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ತಲೆ ಬಾಚಿಕೊಂಡು, ಸೀರೆ ಬದಲಾಯಿಸಿಕೊಂಡು, ಕುರ್ಚಿಯೊಂದನ್ನು ತಾನೇ ಎಳೆದು ತಂದು ಹೊಸಿಲ ಹತ್ತಿರ ಬೆಳಕಿಗೆ ಹಾಕಿ ಕೂತಳು. ಸ್ಟುಡಿಯೋದಲ್ಲಿ ತೆಗೆದ ಹಾಗೆ ತಲೆಯಿಂದ ಪಾದದವರೆಗೆ ಪೂರ್ತಿ ಬರಬೇಕು ಅಂದಳು.

ಕ್ಯಾಮೆರಾ ಕಣ್ಣಿಗೆ ಹಿಡಿದೆ. ಕೊಳವೆಯನ್ನು ಎಪ್ಪತ್ತಕ್ಕೆ ಇಳಿಸಿದರೂ ಅಮ್ಮನ ಮೂಗಷ್ಟೇ ಕಂಡಿತು, ಅದೂ ಮಸುಕು. ಇಷ್ಟು ಹತ್ತಿರದ್ದು ಈ ಲೆನ್ಸಿಗೆ ಸಿಗುವುದೇ ಇಲ್ಲ. ಸಣ್ಣ ಲೆನ್ಸು ಎಕ್ಸ್‌ಚೇಂಜಿನಲ್ಲಿ ಹೋಗಿದೆ. ಕಾಡುಪ್ರಾಣಿ ತಾನಾಗಿ ಬಂದು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತದೆ ಎಂದು ಅಂಗಡಿಯವನಿಗಾದರೂ ಹೇಗೆ ಗೊತ್ತಾಗಬೇಕು? ಹಿಂದೆ ಸರಿದೆ. ವರಾಂಡದ ಕಂಬದ ಬಳಿ ಮುಖ ಸ್ಪಷ್ಟವಾಯಿತು, ಭುಜ ಇಲ್ಲ. ಮೆಟ್ಟಿಲಿಳಿದೆ, ಸೊಂಟದವರೆಗೆ ಬಂತು. ಗೇಟಿನ ಬಳಿ ಮೊಣಕಾಲು. ಪಾದ ಬರಲಿಲ್ಲ ಅಂದರೆ ಅವಳು ಒಪ್ಪುವುದಿಲ್ಲ. ಗೇಟು ತೆಗೆದು ರಸ್ತೆಗೆ ಹಿಂದೆಹಿಂದೆಯೇ ನಡೆದೆ. ಯಜಮಾನರು ಹಲಸಿನ ಹಣ್ಣು ಬಿಟ್ಟು ಎದ್ದು ಬಂದು, ಎರಡೂ ಕೈ ಆಡಿಸುತ್ತ ಲಾರಿ ರಿವರ್ಸ್ ತೆಗೆಸುವವರಂತೆ, "ಬರ್ಲಿ, ಬರ್ಲಿ, ಸ್ವಲ್ಪ ಲೆಫ್ಟು, ಬರ್ಲಿ" ಅನ್ನುತ್ತ ನನ್ನನ್ನು ಹಿಂದಕ್ಕೆ ಕರೆದುಕೊಂಡರು. ಒಂದು ಆಟೋ ನಿಂತಿತು. ಸ್ಕೂಟರಿನವರಿಬ್ಬರು ಏನಾಯಿತೆಂದು ಇಳಿದರು. ತರಕಾರಿಯವನು ತನ್ನ ಗಾಡಿಯನ್ನು ಪಕ್ಕಕ್ಕೆ ಎಳೆದುಕೊಂಡ. ಎದುರು ಮನೆಯ ಮರಳಿನ ಗುಡ್ಡೆಗೆ ನನ್ನ ಹಿಮ್ಮಡಿ ತಾಗಿದಾಗ ಯಜಮಾನರು "ಹೋಲ್ಡಾನ್" ಅಂದರು.

ಅಮ್ಮ ಅಷ್ಟು ದೂರದಲ್ಲಿ, ಬಾಗಿಲ ಬೆಳಕಿನಲ್ಲಿ, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಡೀ ರಸ್ತೆ ನೋಡುತ್ತಿತ್ತು. ಅವಳು ತಿರುಗಲಿಲ್ಲ, ಕಣ್ಣು ಮುಚ್ಚಲಿಲ್ಲ, ನೇರ ನನ್ನನ್ನೇ ನೋಡಿದಳು. ಒತ್ತಿದೆ.

ಜಯನಗರದಲ್ಲೇ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಒಂದು ಅಂಚಿನಲ್ಲಿ ಅವಳೇ ಇಟ್ಟ ಕುಂಕುಮದ ಕೆಂಪು ತೆಳ್ಳಗೆ ಕವಿದಿತ್ತು. ಅವಳು ಕಿಟಕಿಯ ಬಳಿ ನಿಂತು ಎಷ್ಟೋ ಹೊತ್ತು ನೋಡಿದಳು. ಸೆರಗಿನಿಂದ ಒಂದು ಸಲ ಒರೆಸಿದಳು. ಪರವಾಗಿಲ್ಲ ಕಣೋ ಅಂದಳು. ಆಮೇಲೆ ನನ್ನ ಕೈಗೆ ಕೊಡುತ್ತ, "ಇದನ್ನ ಯಾರ ಮನೆಗೂ ಕಳಿಸ್ಬೇಡ" ಅಂದಳು.

ಕಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಮಗಳು ಚಾರ್ಟಿಗೆ ಅಂಟಿಸಬೇಕು ಎಂದು ಅತ್ತು ಕರೆದರೂ ಕೊಡಲಿಲ್ಲ. ವಂಶವೃಕ್ಷದಲ್ಲಿ ಇವತ್ತಿಗೂ ಉಪ್ಪಿನಕಾಯಿಯ ಅಜ್ಜಿಯೇ ಇದ್ದಾಳೆ.